ಹಡಗು ಎಷ್ಟು ಬರಬೇಕು, ಹೇಳಬೇಕಾದವರು ಯಾರು?

ಮನೆಗೆ ಬಂದ ನೆಂಟರಿಗೆ ‘ಇನ್ನು ಸಾಕು’ ಎನ್ನುವುದು ಯಾರಿಗೂ ಸುಲಭದ ಮಾತಲ್ಲ. ಆ ನೆಂಟರ ಹಣದಿಂದಲೇ ಮನೆ ನಡೆಯುತ್ತಿದ್ದರಂತೂ ಆ ಮಾತು ಗಂಟಲಿನಿಂದ ಈಚೆಗೆ ಬರುವುದೇ ಇಲ್ಲ. ಅಮೆರಿಕದ ಅಲಾಸ್ಕ ರಾಜ್ಯದ ರಾಜಧಾನಿ ಜೂನೋ ಕೆಲವು ವರ್ಷಗಳಿಂದ ಇಂಥದೊಂದು ಇಕ್ಕಟ್ಟಿನಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಮತದಾರರ ಮುಂದೆ ಒಂದು ಪ್ರಸ್ತಾವ ಬಂದಿತ್ತು: 250 ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲ ವಿಹಾರನೌಕೆಗಳು ಶನಿವಾರಗಳಂದು ಹಾಗೂ ಜುಲೈ 4ರ ಸ್ವಾತಂತ್ರ್ಯ ದಿನದಂದು ಬಂದರಿಗೆ ಬರಕೂಡದು. ವಾರಕ್ಕೊಂದು ದಿನವಾದರೂ ಊರು ಊರಿನವರಿಗೇ ಇರಲಿ ಎಂಬುದಷ್ಟೇ ಬೇಡಿಕೆ. ಮತ ಚಲಾಯಿಸಿದವರಲ್ಲಿ ಸುಮಾರು ಶೇ 61ರಷ್ಟು ಮಂದಿ ಅದನ್ನು ತಿರಸ್ಕರಿಸಿದರು.

ಹಡಗು ಕಂಪನಿಗಳು ಗೆದ್ದವು, ಪರಿಸರವಾದಿಗಳಿಗೆ ಜನ ಪಾಠ ಕಲಿಸಿದರು ಎಂದು ಈ ಫಲಿತಾಂಶಕ್ಕೆ ಷರಾ ಬರೆದು ಕೈತೊಳೆದುಕೊಳ್ಳಬಹುದು. ಆದರೆ ಅದೇ ಮತದಾರರನ್ನು ಮಾತನಾಡಿಸಿದರೆ, ಹಡಗುಗಳು ಮಿತಿಮೀರಿವೆ ಎಂಬುದನ್ನು ಒಪ್ಪದವರು ವಿರಳ. ಹಾಗಿದ್ದೂ ‘ಬೇಡ’ ಎನ್ನಲು ಅವರಿಗೇಕೆ ಸಾಧ್ಯವಾಗಲಿಲ್ಲ? ಈ ಪ್ರಶ್ನೆ ಜೂನೋ ಒಂದರದ್ದೇ ಅಲ್ಲ. ತನ್ನ ಚೆಲುವನ್ನೇ ಜೀವನೋಪಾಯ ಮಾಡಿಕೊಂಡ ಪ್ರತಿಯೊಂದು ಊರೂ ಇದನ್ನು ಒಂದಲ್ಲ ಒಂದು ದಿನ ಎದುರಿಸಲೇಬೇಕು.

ಮೊದಲು ಪ್ರಮಾಣವನ್ನು ಗಮನಿಸೋಣ. ಜೂನೋದ ಜನಸಂಖ್ಯೆ ಸುಮಾರು 32,000. ರಾಜ್ಯದ ರಾಜಧಾನಿಯಾದರೂ ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯಿಲ್ಲ. ಒಂದು ಕಡೆ ಕಡಿದಾದ ಬೆಟ್ಟ, ಅದರ ಬೆನ್ನಿಗೆ ವಿಶಾಲ ಹಿಮಕ್ಷೇತ್ರ, ಇನ್ನೊಂದು ಕಡೆ ಗ್ಯಾಸ್ಟಿನೋ ಕಾಲುವೆ ಎಂಬ ಕಿರಿದಾದ ಸಮುದ್ರಭಾಗ. ಹೋಗುವವರು ವಿಮಾನದಲ್ಲಿ ಹೋಗಬೇಕು, ಇಲ್ಲವೇ ಜಲಮಾರ್ಗದಲ್ಲಿ. ಇಂಥ ಊರಿಗೆ 2019ರಲ್ಲಿ ಹಡಗುಗಳಿಂದ ಬಂದವರ ಸಂಖ್ಯೆ ಸುಮಾರು 13 ಲಕ್ಷ. 2023ರಲ್ಲಿ ಅದು 16 ಲಕ್ಷವನ್ನು ಮೀರಿತು. ಅದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳೊಳಗೆ.

ಹಡಗುಗಳ ಗಾತ್ರವೂ ಬೆಳೆದಿದೆ. ತನ್ನ ಕಾಲದ ಮಹಾನೌಕೆಯೆನಿಸಿದ್ದ ಟೈಟಾನಿಕ್‌ನ ಒಟ್ಟು ಟನ್ನೇಜ್ ಸುಮಾರು 46,000. ಅಲಾಸ್ಕ ಯಾನವನ್ನು ಗಮನದಲ್ಲಿಟ್ಟುಕೊಂಡು ನಿರ್ಮಿಸಿ 2018ರಲ್ಲಿ ಸೇವೆಗೆ ತಂದ ‘ನಾರ್ವೇಜಿಯನ್ ಬ್ಲಿಸ್’ ಹಡಗಿನದು ಸುಮಾರು 1,68,000. ಉದ್ದ 333 ಮೀಟರ್; ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 4,000 ಪ್ರಯಾಣಿಕರು. ಅವರ ಊಟ, ಹಾಸಿಗೆ, ಮನರಂಜನೆ ನೋಡಿಕೊಳ್ಳುವ ಸಿಬ್ಬಂದಿ ಬೇರೆ. ಇಂಥ ನಾಲ್ಕೈದು ಹಡಗುಗಳು ಒಂದೇ ದಿನ ಬಂದು ನಿಂತರೆ ಊರಿನ ಜನಸಂಖ್ಯೆಯ ಅರ್ಧಕ್ಕೂ ಮಿಗಿಲಾದ ಜನ ಬೆಳಗಾಗುವುದರೊಳಗೆ ಅಲ್ಲಿ ಇಳಿದಿರುತ್ತಾರೆ. ಈ ಹಡಗುಗಳಲ್ಲಿ ಹೆಚ್ಚಿನವು ಹೊರಡುವುದು ಸಿಯಾಟಲ್ ಮತ್ತು ವ್ಯಾಂಕೂವರ್‌ಗಳಿಂದ. ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಗನ ಅಥವಾ ಮಗಳ ಮನೆಗೆ ಬೇಸಿಗೆಯಲ್ಲಿ ಹೋಗುವ ಬೆಂಗಳೂರಿನ ತಂದೆತಾಯಿಗಳಿಗೆ ‘ಅಲಾಸ್ಕ ಕ್ರೂಸ್’ ಈಗ ಅಪರಿಚಿತ ಹೆಸರೇನಲ್ಲ.

ನಾನು ಜೂನೋದಲ್ಲಿ ಒಂದು ವಾರ ತಂಗಿದ್ದೆ, ಹಡಗಿನಲ್ಲಲ್ಲ, ಊರೊಳಗೆ. ಜೂನ್ ತಿಂಗಳಾದ್ದರಿಂದ ರಾತ್ರಿ ಹತ್ತರವರೆಗೂ ಬೆಳಕು. ಹಡಗುಗಳ ಆಗಮನ ನಿರ್ಗಮನಗಳನ್ನು ದಡದ ಮರದ ಹಾಸಿನ ಮೇಲೆ ನಿಂತು ನೋಡುವುದು ನನಗೆ ದಿನಚರಿಯೇ ಆಗಿಬಿಟ್ಟಿತ್ತು. ನಿಜ ಹೇಳಬೇಕೆಂದರೆ ಆ ದೃಶ್ಯ ಮನಸ್ಸನ್ನು ಸೆಳೆಯುತ್ತದೆ. ಮಂಜಿನೊಳಗಿಂದ ಮೊದಲು ಕಾಣುವುದು ಹಡಗಿನ ಮೇಲಂತಸ್ತಿನ ದೀಪಗಳು. ನಂತರ ಬಿಳಿಯ ಗೋಡೆಯೊಂದು ಸದ್ದಿಲ್ಲದೆ ಕಾಲುವೆಯೊಳಕ್ಕೆ ಜಾರಿ ಬಂದಂತೆ ತೋರುತ್ತದೆ. ಅಷ್ಟು ದೊಡ್ಡ ನೌಕೆ ಪಕ್ಕಕ್ಕೆ ಸರಿಯುತ್ತ ಜೆಟ್ಟಿಗೆ ಅಂಗುಲ ಅಂಗುಲವಾಗಿ ತಾಗುವುದನ್ನು ನೋಡಿದರೆ ನಾವಿಕರ ಕೈಚಳಕಕ್ಕೆ ತಲೆದೂಗಲೇಬೇಕು. ಕಾಲುವೆಯ ಉತ್ತರ ಭಾಗ ಆಳವಿಲ್ಲದ್ದು. ಹಾಗಾಗಿ ಸಂಜೆ ಹೊರಡುವಾಗ ಹಡಗು ಬಂದ ದಾರಿಯಲ್ಲೇ ದಕ್ಷಿಣಕ್ಕೆ ಹಿಂತಿರುಗಬೇಕು. ಮೇಲಿನ ಅಂತಸ್ತುಗಳಿಂದ ನೂರಾರು ಕೈಗಳು ಬೀಸುತ್ತವೆ. ದಡದಲ್ಲಿದ್ದ ನನ್ನ ಕೈಯೂ ತಾನಾಗಿ ಮೇಲೆದ್ದಿತ್ತು.

ಆದರೆ ಬೆಳಗ್ಗೆ ಎಂಟರಿಂದ ಸಂಜೆಯವರೆಗಿನ ಚಿತ್ರ ಬೇರೆ. ಬಸ್ಸುಗಳ ಸಾಲು ಮುಖ್ಯ ರಸ್ತೆಯನ್ನು ತುಂಬುತ್ತದೆ. ಹಿಮನದಿಗಳತ್ತ ಹಾರುವ ಹೆಲಿಕಾಪ್ಟರುಗಳ ಸದ್ದು ಬೆಟ್ಟಕ್ಕೆ ಬಡಿದು ಮನೆಗಳ ಮೇಲೆ ಬೀಳುತ್ತದೆ. ಹಡಗುಗಳು ನಿಂತ ಹೊತ್ತಿನಲ್ಲಿ ಮೊಬೈಲ್ ಜಾಲವೇ ಕುಂಟುತ್ತದೆ ಎಂಬುದು ಊರಿನವರ ನಿತ್ಯದ ದೂರು. ಜೆಟ್ಟಿಯ ಸಮೀಪದ ಬೀದಿಯಲ್ಲಿ ಆಭರಣದಂಗಡಿಗಳು ಸಾಲಾಗಿವೆ. ಹಡಗಿನ ಋತು ಮುಗಿದರೆ ಹಲವಕ್ಕೆ ಬಾಗಿಲು. ಗ್ರಂಥಾಲಯದ ಬಳಿ ಉಚಿತ ಅಂತರ್ಜಾಲಕ್ಕಾಗಿ ಗುಂಪುಗೂಡಿದ್ದ ಹಡಗಿನ ಸಿಬ್ಬಂದಿಯ ನಡುವೆ ತುಳು ಮಾತು ಕಿವಿಗೆ ಬಿದ್ದು ನಾನು ತಿರುಗಿ ನೋಡಿದೆ. ಇಬ್ಬರು ಯುವಕರು ಊರಿನವರೊಡನೆ ವಿಡಿಯೊ ಕರೆಯಲ್ಲಿದ್ದರು. ಎರಡು ಗಂಟೆಯ ಬಿಡುವಿನಲ್ಲಿ ಅವರು ನೋಡಬಯಸಿದ್ದು ಹಿಮನದಿಯನ್ನಲ್ಲ, ಮನೆಯವರ ಮುಖವನ್ನು. ಕರಾವಳಿಯ ಎಷ್ಟೋ ಮನೆಗಳಿಗೆ ಈ ಉದ್ಯಮ ಅನ್ನ ಕೊಡುತ್ತಿದೆ ಎಂಬುದನ್ನು ಮರೆತು ಅದರ ಬಗ್ಗೆ ಬರೆಯಲಾಗದು.

ಜೂನೋದವರ ಪಾಲಿಗೂ ಅದು ಅನ್ನವೇ. 19ನೇ ಶತಮಾನದ ಕೊನೆಯಲ್ಲಿ ಚಿನ್ನದ ಗಣಿಯಿಂದ ಹುಟ್ಟಿದ ಊರು ಅದು. ದೊಡ್ಡ ಗಣಿಗಳು ಮುಚ್ಚಿದ ಮೇಲೆ ಸರ್ಕಾರಿ ಕಚೇರಿಗಳು, ಮೀನುಗಾರಿಕೆ, ಪ್ರವಾಸೋದ್ಯಮ ಇವೇ ಊರನ್ನು ಹಿಡಿದು ನಿಲ್ಲಿಸಿವೆ. ಕೊರೊನಾ ಕಾರಣದಿಂದ 2020ರಲ್ಲಿ ದೊಡ್ಡ ಹಡಗೊಂದೂ ಅತ್ತ ಸುಳಿಯಲಿಲ್ಲ. ಆ ಬೇಸಿಗೆಯನ್ನು ಅಲ್ಲಿನವರು ಎರಡು ರೀತಿಯಲ್ಲಿ ನೆನೆಯುತ್ತಾರೆ. ಹಕ್ಕಿಯ ಕೂಗು ಕೇಳುವಷ್ಟು ಊರು ಶಾಂತವಾಗಿತ್ತು ಎನ್ನುವವರೂ ಅವರೇ, ಅಂಗಡಿ ಮುಚ್ಚಿ ಸಾಲದಲ್ಲಿ ಬಿದ್ದೆವು ಎನ್ನುವವರೂ ಅವರೇ. 2024ರ ಮತದಾನದಲ್ಲಿ ಎರಡನೆಯ ನೆನಪು ಮೊದಲನೆಯದನ್ನು ಸೋಲಿಸಿತು ಎಂದು ನನ್ನ ತಿಳಿವಳಿಕೆ. ಶನಿವಾರದ ಹಡಗು ನಿಂತರೆ ವಾರದ ಆದಾಯದ ಒಂದು ಭಾಗವೇ ಹೋಗುತ್ತದೆಂದು ದೋಣಿ ನಡೆಸುವವನಿಗೂ ಬಸ್ ಚಾಲಕನಿಗೂ ಗೊತ್ತು. ಬೇರೆ ದಾರಿ ಇಲ್ಲದ ಊರಿನಲ್ಲಿ ಮತಪತ್ರ ಎಷ್ಟರಮಟ್ಟಿಗೆ ಸ್ವತಂತ್ರ?

ಹಾಗೆಂದು ಊರು ಸುಮ್ಮನೆ ಕುಳಿತಿರಲಿಲ್ಲ. ತ್ಯಾಜ್ಯ ತೈಲ ಮತ್ತು ರಾಸಾಯನಿಕಗಳನ್ನು ಸಮುದ್ರಕ್ಕೆ ಸುರಿದ ಆರೋಪಗಳನ್ನು ರಾಯಲ್ ಕೆರಿಬಿಯನ್ ಕಂಪನಿ 1999ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು 1.8 ಕೋಟಿ ಡಾಲರ್ ದಂಡ ತೆತ್ತಿತು. ಅಲಾಸ್ಕದ ಒಳಜಲಮಾರ್ಗವೂ ಆ ಪ್ರಕರಣದಲ್ಲಿ ಸೇರಿತ್ತು. ಅದೇ ವರ್ಷ ಜೂನೋದ ಮತದಾರರು ಪ್ರತಿ ಪ್ರಯಾಣಿಕನ ಮೇಲೆ 5 ಡಾಲರ್ ಶುಲ್ಕ ವಿಧಿಸಿದರು. 2001ರಲ್ಲಿ ಜೂನೋದ ಜೆಟ್ಟಿಯೊಂದರಲ್ಲಿ, ನಿಂತ ಹಡಗು ತನ್ನ ಎಂಜಿನ್ ಆರಿಸಿ ಊರಿನ ಜಲವಿದ್ಯುತ್ ಬಳಸುವ ವ್ಯವಸ್ಥೆ ಜಗತ್ತಿನಲ್ಲೇ ಮೊದಲ ಬಾರಿಗೆ ಆರಂಭವಾಯಿತು. 2006ರಲ್ಲಿ ಇಡೀ ಅಲಾಸ್ಕದ ಜನ ಮತ ಚಲಾಯಿಸಿ ತಲೆಗೆ 50 ಡಾಲರ್ ತೆರಿಗೆ ಹೇರಿದರು. ಪ್ರತಿ ದೊಡ್ಡ ಹಡಗಿನಲ್ಲಿ ತ್ಯಾಜ್ಯ ವಿಸರ್ಜನೆಯ ಮೇಲೆ ಕಣ್ಣಿಡಲು ‘ಓಷನ್ ರೇಂಜರ್’ ಎಂಬ ಪರಿವೀಕ್ಷಕರನ್ನು ನೇಮಿಸುವ ಕಾನೂನೂ ಅದರಿಂದಲೇ ಬಂತು.

ಮುಂದೇನಾಯಿತು? ಕಂಪನಿಗಳು ಮೊಕದ್ದಮೆ ಹೂಡಿದವು. ಕೆಲವು ಹಡಗುಗಳನ್ನು ಬೇರೆ ಕಡಲುಗಳಿಗೆ ತಿರುಗಿಸಿದವು. 2010ರಲ್ಲಿ ರಾಜ್ಯ ಸರ್ಕಾರ ತೆರಿಗೆಯನ್ನು 34.50 ಡಾಲರಿಗೆ ಇಳಿಸಿತು. 2019ರಲ್ಲಿ ರಾಜ್ಯಪಾಲರು ಓಷನ್ ರೇಂಜರ್ ಕಾರ್ಯಕ್ರಮದ ಅನುದಾನವನ್ನು ತಡೆಹಿಡಿದರು. ಪ್ರಯಾಣಿಕ ಶುಲ್ಕದ ಹಣವನ್ನು ನಗರ ತನಗೆ ಬೇಕಾದ ಕೆಲಸಗಳಿಗೆಲ್ಲ ಬಳಸುವಂತಿಲ್ಲವೆಂದು ಉದ್ಯಮದವರು ನ್ಯಾಯಾಲಯದಲ್ಲಿ ವಾದಿಸಿ ಬಹುಮಟ್ಟಿಗೆ ಗೆದ್ದರು. ಇಲ್ಲಿರುವ ಅಸಮಾನತೆಯನ್ನು ಗಮನಿಸಬೇಕು. ಹಡಗಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ, ಊರಿಗೆ ಇಲ್ಲ. ದೊಡ್ಡ ಕಂಪನಿಗಳು ನೋಂದಣಿಯಾಗಿರುವುದು ಪನಾಮ, ಲೈಬೀರಿಯ, ಬರ್ಮುಡಗಳಲ್ಲಿ. ಹಡಗುಗಳ ಮೇಲೆ ಹಾರುವ ಧ್ವಜವೂ ಸಾಮಾನ್ಯವಾಗಿ ಪರದೇಶದ್ದೇ. ಇಂಥ ಉದ್ಯಮದೊಡನೆ 32,000 ಜನರ ನಗರಸಭೆಯೊಂದು ಚೌಕಾಸಿಗೆ ಕೂರಬೇಕು.

ಆ ಚೌಕಾಸಿಯ ಫಲವೇ ಈಗಿನ ಮಿತಿಗಳು. ದಿನಕ್ಕೆ ಐದು ದೊಡ್ಡ ಹಡಗುಗಳಿಗಿಂತ ಹೆಚ್ಚು ಬೇಡ ಎಂಬ ಒಪ್ಪಂದ 2024ರ ಋತುವಿನಿಂದ ಜಾರಿಗೆ ಬಂತು. ಹಡಗುಗಳ ಸಂಖ್ಯೆಯನ್ನು ಕಟ್ಟಿಹಾಕಿದರೂ ಗಾತ್ರ ಬೆಳೆಯುತ್ತಿದ್ದರೆ ಪ್ರಯೋಜನವೇನೆಂದು ಕೇಳಿದವರಿದ್ದರು. ಅದಕ್ಕಾಗಿ 2026ರಿಂದ ಅನ್ವಯವಾಗುವಂತೆ ಮತ್ತೊಂದು ಒಪ್ಪಂದವಾಯಿತು: ಭಾನುವಾರದಿಂದ ಶುಕ್ರವಾರದವರೆಗೆ ದಿನಕ್ಕೆ 16,000, ಶನಿವಾರ 12,000 ಹಾಸಿಗೆಗಳ ಮಿತಿ. ಇದು ಸಣ್ಣ ಸಾಧನೆಯೇನಲ್ಲ. ಆದರೆ ಎರಡೂ ಮಿತಿಗಳು ಪರಸ್ಪರ ಒಪ್ಪಿಗೆಯ ಮೇಲೆ ನಿಂತವು. ಶಾಸನದ ಬಲ ಅವಕ್ಕಿಲ್ಲ. ಅಲ್ಲದೆ, ಇವು ಬೆಳವಣಿಗೆಯನ್ನು ಇದ್ದಲ್ಲಿಗೆ ನಿಲ್ಲಿಸಲು ಹೊರಟಿವೆಯೇ ಹೊರತು ಆಗಿರುವ ಬೆಳವಣಿಗೆಯನ್ನು ಹಿಂದಕ್ಕೆ ತರಲು ಅಲ್ಲ.

ಅಲಾಸ್ಕದ ಮತ್ತೊಂದು ಊರು ಸಿಟ್ಕಾದ ಕಥೆಯೂ ಇದಕ್ಕೆ ಪೂರಕ. ಸುಮಾರು 8,500 ಜನರ ಆ ಊರಿನಲ್ಲಿ ಖಾಸಗಿ ಜೆಟ್ಟಿಯೊಂದು ವಿಸ್ತಾರಗೊಂಡ ಮೇಲೆ ವರ್ಷಕ್ಕೆ ಬರುವ ಹಡಗು ಪ್ರವಾಸಿಗಳ ಸಂಖ್ಯೆ ಐದು ಲಕ್ಷವನ್ನು ದಾಟಿತು. ಅದನ್ನು ಮೂರು ಲಕ್ಷಕ್ಕೆ ಇಳಿಸಬೇಕೆಂಬ ಪ್ರಸ್ತಾವ 2025ರ ಮೇ ತಿಂಗಳಲ್ಲಿ ಮತಕ್ಕೆ ಬಂದು ಭಾರಿ ಅಂತರದಿಂದ ಬಿದ್ದುಹೋಯಿತು. ದೇಶದ ಪೂರ್ವ ತುದಿಯಲ್ಲಿರುವ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಾದರೋ ನಡೆದದ್ದು ತದ್ವಿರುದ್ಧ. ದಿನಕ್ಕೆ 1,000ಕ್ಕಿಂತ ಹೆಚ್ಚು ಹಡಗು ಪ್ರಯಾಣಿಕರು ಇಳಿಯಬಾರದೆಂದು ಅಲ್ಲಿನ ಮತದಾರರು 2022ರಲ್ಲಿ ಕಾನೂನನ್ನೇ ಮಾಡಿದರು. ಫೆಡರಲ್ ನ್ಯಾಯಾಧೀಶರು 2024ರಲ್ಲಿ ಅದನ್ನು ಬಹುಮಟ್ಟಿಗೆ ಎತ್ತಿಹಿಡಿದರು. ವ್ಯಾಜ್ಯ ಅಲ್ಲಿಗೇ ನಿಲ್ಲದೆ ಮೇಲ್ಮನವಿಗೂ ಹೋಯಿತು. ಅದೇ ವರ್ಷ ಕಾನೂನನ್ನು ರದ್ದುಮಾಡುವ ಯತ್ನ ಅತ್ಯಲ್ಪ ಅಂತರದಿಂದ ಸೋತಿತು.

ಬಾರ್ ಹಾರ್ಬರ್‌ನ ಜನ ಜೂನೋದವರಿಗಿಂತ ಹೆಚ್ಚು ಧೈರ್ಯವಂತರೇ? ನನಗೆ ಹಾಗನ್ನಿಸುವುದಿಲ್ಲ. ಬಾರ್ ಹಾರ್ಬರ್‌ಗೆ ರಸ್ತೆಯಿದೆ. ಪಕ್ಕದ ಅಕೇಡಿಯ ರಾಷ್ಟ್ರೀಯ ಉದ್ಯಾನಕ್ಕೆ ಲಕ್ಷಾಂತರ ಜನ ಕಾರಿನಲ್ಲೇ ಬಂದು ಊರಿನಲ್ಲಿ ರಾತ್ರಿ ತಂಗುತ್ತಾರೆ. ಹಡಗು ಕಡಿಮೆಯಾದರೆ ಅಂಗಡಿಗಳಿಗೆ ನಷ್ಟವಾದೀತು, ಊರು ಮುಳುಗದು. ಜೂನೋ, ಸಿಟ್ಕಾಗಳ ಬೇಸಿಗೆಯ ವ್ಯಾಪಾರವೆಲ್ಲ ಹಡಗಿನ ಬಾಗಿಲಿನಿಂದಲೇ ಇಳಿದು ಬರಬೇಕು. ಮಿತಿ ಹೇರುವ ಶಕ್ತಿ ಮನಸ್ಸಿನ ದೃಢತೆಗಿಂತ ಹೆಚ್ಚಾಗಿ ಜೀವನೋಪಾಯದ ಬಗೆಯನ್ನು ಅವಲಂಬಿಸಿದೆ. ಜೆಟ್ಟಿ, ಅಂಗಡಿ, ಸಾಲ, ಉದ್ಯೋಗ ಎಲ್ಲವೂ ಒಂದೇ ಗಿರಾಕಿಯ ಸುತ್ತ ಬೆಳೆದು ನಿಂತ ಮೇಲೆ ಜನರ ಮುಂದೆ ಮತಪತ್ರ ಇಡುವುದು ಬಹಳ ತಡವಾದ ಕೆಲಸ.

ಇಲ್ಲಿ ಸ್ಥಳೀಯರೆಂದರೆ ಯಾರು ಎಂಬ ಪ್ರಶ್ನೆಯೂ ಇದೆ. ಈ ನೆಲದ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಹೂನಾ ಗ್ರಾಮದ ಪಕ್ಕದಲ್ಲಿ, ಪಾಳುಬಿದ್ದಿದ್ದ ಮೀನು ಡಬ್ಬೀಕರಣ ಕಾರ್ಖಾನೆಯ ಜಾಗದಲ್ಲಿ, ಅವರದೇ ಹುನಾ ಟೋಟೆಮ್ ಸಂಸ್ಥೆ 2004ರಲ್ಲಿ ಹಡಗು ನಿಲ್ದಾಣವನ್ನು ಆರಂಭಿಸಿತು. ಶತಮಾನ ಕಾಲ ಹೊರಗಿನವರು ಮೀನು, ಮರ, ಚಿನ್ನ ಒಯ್ಯುವುದನ್ನು ನೋಡುತ್ತಿದ್ದವರಿಗೆ ಒಂದು ಉದ್ಯಮ ತಮ್ಮ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. ಜೂನೋದಲ್ಲಿ ಐದನೆಯ ಜೆಟ್ಟಿಯನ್ನು ಕಟ್ಟಹೊರಟದ್ದೂ ಇದೇ ಸಂಸ್ಥೆ. ಹಡಗು ಬೇಡವೆನ್ನುವ ನಿವೃತ್ತ ನಗರವಾಸಿಗೂ ಹಡಗು ಬೇಕೆನ್ನುವ ಹೂನಾದ ಯುವಕನಿಗೂ ಒಂದೇ ತಕ್ಕಡಿ ಹಿಡಿಯಲಾಗದು. ಆದರೆ ಅವರಲ್ಲಿ ಜೆಟ್ಟಿಯ ಒಡೆತನ ಇರುವವರು ತಮ್ಮ ಶರತ್ತನ್ನು ಹೇಳಬಲ್ಲರು ಎಂಬುದನ್ನು ಮಾತ್ರ ಮರೆಯಬಾರದು.

ಕಾನೂನಿನ ಮೂಲಕ ಮಿತಿ ಹೇರಿದರೆ ಉದ್ಯಮ ನಾಶವಾಗುತ್ತದೆ ಎಂಬ ವಾದವನ್ನು ಅಲಾಸ್ಕದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನವೇ ಸುಳ್ಳು ಮಾಡುತ್ತದೆ. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಅದೂ ಉದ್ಯಾನ ಇಲಾಖೆಯ ಪರವಾನಗಿ ಪಡೆದು. ಕಂಪನಿಗಳು ಅಲಾಸ್ಕವನ್ನು ಬಿಟ್ಟು ಓಡಲಿಲ್ಲ. ಬದಲಿಗೆ, ಆ ಪರವಾನಗಿ ತಮ್ಮಲ್ಲಿದೆ ಎಂಬುದನ್ನೇ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆ ನೀರು ಯಾರ ಅಧೀನ ಎಂಬುದರ ಬಗ್ಗೆ ಅಲ್ಲಿ ಸಂದೇಹವಿಲ್ಲ. ಆದ್ದರಿಂದ ಮಿತಿಯ ಬಗ್ಗೆಯೂ ಸಂದೇಹವಿಲ್ಲ.

ಅಟ್ಲಾಂಟಿಕ್‌ನ ಆಚೆ ದಡದ ನಾರ್ವೆ ಮತ್ತೊಂದು ದಾರಿ ಹಿಡಿಯಿತು. ಅಲ್ಲಿನ ಗೈರಾಂಗರ್ ಮತ್ತು ನೇರೊಯ್ ಫಿಯೋರ್ಡ್‌ಗಳು 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಡಿದಾದ ಬೆಟ್ಟಗಳ ನಡುವಿನ ಈ ಕಿರುಗಡಲಿನಲ್ಲಿ ಗಾಳಿ ಬೀಸದ ದಿನ ಹಡಗಿನ ಹೊಗೆ ಮೇಲೇರದೆ ಹಾಸಿಕೊಂಡು ನಿಲ್ಲುತ್ತದೆ. 2018ರಲ್ಲಿ ನಾರ್ವೆಯ ಸಂಸತ್ತು, ಪರಂಪರೆಯ ಫಿಯೋರ್ಡ್‌ಗಳಿಗೆ ಬರುವ ವಿಹಾರನೌಕೆ ಮತ್ತು ದೋಣಿಗಳು 2026ರೊಳಗೆ ಹೊಗೆಯುಗುಳದಂತಾಗಬೇಕು ಎಂದು ನಿರ್ಣಯಿಸಿತು. ಜಗತ್ತೇ ಮೆಚ್ಚಿದ ನಿರ್ಣಯವದು. ಬೃಹತ್ ಬ್ಯಾಟರಿ ಹೊತ್ತ ಹವಿಲಾ ಕಂಪನಿಯ ಕರಾವಳಿ ಹಡಗೊಂದು 2022ರಲ್ಲಿ ಎಂಜಿನ್ ಆರಿಸಿ ಗೈರಾಂಗರ್‌ನೊಳಗೆ ಸಾಗಿ, ಇದು ಅಸಾಧ್ಯವಲ್ಲ ಎಂದು ತೋರಿಸಿಯೂ ಕೊಟ್ಟಿತು. ಆದರೆ ಗಡುವು ಹತ್ತಿರ ಬಂದಂತೆ ಸರ್ಕಾರ ಅದನ್ನು ಎರಡಾಗಿ ಒಡೆಯಿತು. 10,000 ಟನ್ನೇಜ್‌ಗಿಂತ ಚಿಕ್ಕ ಹಡಗುಗಳಿಗೆ 2026. ಅದಕ್ಕಿಂತ ದೊಡ್ಡವಕ್ಕೆ 2032. ಹೆಚ್ಚು ಹೊಗೆ ಬಿಡುವವರಿಗೇ ಹೆಚ್ಚು ಕಾಲಾವಕಾಶ! ತಂತ್ರಜ್ಞಾನ ಸಿದ್ಧವಿಲ್ಲ ಎಂಬ ಸಮರ್ಥನೆಯಲ್ಲಿ ತಥ್ಯವಿಲ್ಲದಿಲ್ಲ. ಆದರೂ ನಾರ್ವೆಯವರ ಬಳಿ ಒಂದು ದಿನಾಂಕವಿದೆ, ಅದು ಕಾನೂನಿನಲ್ಲಿದೆ. ಜೂನೋದ ಬಳಿ ಇರುವುದು ಸಹಿ ಹಾಕಿದ ಸದಾಶಯ.

ಮಿತಿಯ ಮಾತು ಬರೀ ಗದ್ದಲ, ಹೊಗೆಗಳಿಗೆ ಸಂಬಂಧಿಸಿದ್ದೂ ಅಲ್ಲ. 2019ರ ಮಾರ್ಚ್‌ನಲ್ಲಿ ನಾರ್ವೆಯ ಕರಾವಳಿಯಲ್ಲಿ ‘ವೈಕಿಂಗ್ ಸ್ಕೈ’ ಹಡಗಿನ ಎಂಜಿನ್‌ಗಳು ಬಿರುಗಾಳಿಯ ನಡುವೆ ಸ್ಥಗಿತಗೊಂಡವು. ಅದರಲ್ಲಿದ್ದವರು 1,373 ಮಂದಿ. ಹೆಲಿಕಾಪ್ಟರುಗಳು ಒಬ್ಬೊಬ್ಬರನ್ನಾಗಿ ಮೇಲೆತ್ತಿ ಸಾಗಿಸಲಾದದ್ದು 479 ಮಂದಿಯನ್ನು. ಎಂಜಿನ್ ಮತ್ತೆ ಚಾಲೂ ಆಗಿರದಿದ್ದರೆ ಉಳಿದವರ ಗತಿ ಏನಾಗುತ್ತಿತ್ತೋ ಹೇಳಲಾಗದು. ಅದರ ಮೂರು ಪಟ್ಟು ಜನರಿರುವ ಹಡಗುಗಳು ರಸ್ತೆಯೂ ದೊಡ್ಡ ಆಸ್ಪತ್ರೆಯೂ ಇಲ್ಲದ ಅಲಾಸ್ಕದ ಕಿರುಗಡಲುಗಳಲ್ಲಿ ದಿನವೂ ಸಾಗುತ್ತಿವೆ. ಜೂನೋದ ದಕ್ಷಿಣದಲ್ಲಿ, ಪ್ರವಾಸಿಗಳ ಅಚ್ಚುಮೆಚ್ಚಿನ ಟ್ರೇಸಿ ಆರ್ಮ್ ಎಂಬ ಫಿಯೋರ್ಡಿನಲ್ಲಿ 2025ರ ಆಗಸ್ಟ್ 10ರಂದು ಬೆಟ್ಟದ ಪಾರ್ಶ್ವವೊಂದು ಕುಸಿದು ಭಾರಿ ಅಲೆಗಳೆದ್ದವು. ಬೆಳಗಿನ ಜಾವವಾದ್ದರಿಂದ ಹಡಗುಗಳು ಇನ್ನೂ ಒಳಗೆ ಬಂದಿರಲಿಲ್ಲ; ಪ್ರಾಣಹಾನಿಯಾಗಲಿಲ್ಲ. ಹಿಮನದಿ ಹಿಂದೆ ಸರಿದಾಗ ಅದು ಆನಿಸಿ ಹಿಡಿದಿದ್ದ ಬೆಟ್ಟದ ಬದಿ ಸಡಿಲಗೊಳ್ಳುವುದು ಭೂವಿಜ್ಞಾನಿಗಳಿಗೆ ತಿಳಿದ ವಿಷಯ. ಹಡಗಿನ ಹೊಗೆಯಿಂದಲೇ ಹಿಮ ಕರಗುತ್ತಿದೆ ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ಕರಗುತ್ತಿರುವುದನ್ನು ನೋಡುವ ಆತುರದಲ್ಲಿ ಅಪಾಯದ ಲೆಕ್ಕ ಹಿಂದೆ ಬೀಳಬಾರದು.

ಇದೆಲ್ಲ ದೂರದ ಉತ್ತರ ಕಡಲಿನ ಸಂಗತಿ, ನಮಗೇನು ಎನ್ನುವಂತಿಲ್ಲ. 2029ರ ಹೊತ್ತಿಗೆ ದೇಶದ ವಿಹಾರನೌಕಾ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯೊಡನೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿದೆ. ನವಮಂಗಳೂರು ಬಂದರಿಗೆ ವಿದೇಶಿ ಹಡಗುಗಳು ಬರುವುದು ಹೊಸದಲ್ಲ. ಪಣಂಬೂರಿನಲ್ಲಿ ಇಳಿದವರು ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿ ಸಂಜೆಗೆ ಹಿಂತಿರುಗುತ್ತಾರೆ. ಅಲಾಸ್ಕಕ್ಕೆ ಹೋಲಿಸಿದರೆ ಅವರ ಸಂಖ್ಯೆ ಏನೇನೂ ಅಲ್ಲ. ಬರಲಿ, ಇನ್ನಷ್ಟು ಜನ ಬರಲಿ. ಆದರೆ ನಮ್ಮ ದೊಡ್ಡ ಬಂದರು ಕೇಂದ್ರದ ಅಧೀನ. ಪ್ರವಾಸಿಗಳ ಬಸ್ಸು ಓಡುವ ರಸ್ತೆ, ಅವರು ಬಿಟ್ಟುಹೋಗುವ ಕಸ, ಮೀನುಗಾರರ ದೋಣಿಗಳ ದಾರಿ ಇವೆಲ್ಲ ಊರಿನ ತಲೆನೋವು. ಇವೆರಡರ ನಡುವೆ ಮಾತುಕತೆ ನಡೆಯಬೇಕಾದದ್ದು ಹಡಗುಗಳು ಕೆಲವೇ ಇರುವ ಈಗ.

ಆ ಮಾತುಕತೆಯಲ್ಲಿ ಇತ್ಯರ್ಥವಾಗಬೇಕಾದವು ಬಹಳವೇನಿಲ್ಲ. ದಿನಕ್ಕೆ ಎಷ್ಟು ಜನ ಇಳಿಯಬಹುದು, ಅವರಿಂದ ಸಂಗ್ರಹವಾಗುವ ಶುಲ್ಕದಲ್ಲಿ ಊರಿನ ಪಾಲೆಷ್ಟು, ನಿಂತ ಹಡಗಿಗೆ ದಡದಿಂದ ವಿದ್ಯುತ್ ಕೊಡುವ ಏರ್ಪಾಡು ಇದೆಯೇ, ತ್ಯಾಜ್ಯವನ್ನು ಪರೀಕ್ಷಿಸುವವರು ಯಾರು, ಅವಘಡವಾದರೆ ಎಷ್ಟು ಜನರನ್ನು ರಕ್ಷಿಸಬಲ್ಲೆವು. ಈ ಐದು ಪ್ರಶ್ನೆಗಳಿಗೆ ಜೆಟ್ಟಿಗೆ ಅಡಿಗಲ್ಲು ಹಾಕುವ ಮೊದಲೇ ಲಿಖಿತ ಉತ್ತರ ಸಿಗಬೇಕು. ಉತ್ತರಕ್ಕೆ ಶಾಸನದ ಬಲವೂ ಇರಬೇಕು. ಕಾಲು ಶತಮಾನ ಕಾಲ ಈ ಪ್ರಶ್ನೆಗಳನ್ನು ಒಂದೊಂದಾಗಿ, ಪ್ರತಿ ಬಾರಿಯೂ ಹಡಗುಗಳು ಹೆಚ್ಚಿದ ನಂತರವೇ ಕೇಳುತ್ತ ಬಂದ ಜೂನೋ, ವಾರಕ್ಕೊಂದು ಶನಿವಾರವನ್ನೂ ತನಗಾಗಿ ಉಳಿಸಿಕೊಳ್ಳಲಾಗದ ಸ್ಥಿತಿಗೆ ಬಂದು ನಿಂತಿದೆ. ನಮಗೆ ಇನ್ನೂ ಸಮಯವಿದೆ.